ರೋಡು ಸರಿಯಿಲ್ಲ ಅನ್ನೋರು ಒಂದ್ಸಲ ಗಾಡಿ ಕೆಳಗೆ ಬಗ್ಗಿ ನೋಡಿ

ಗುಬ್ಬಿ ತಾಲ್ಲೂಕಿನ ಯಾವ ಹಳ್ಳಿಯ ಅರಳಿಕಟ್ಟೆಯಲ್ಲಿ ಕೂತರೂ ಹತ್ತು ನಿಮಿಷದಲ್ಲಿ ರೋಡಿನ ಮಾತು ಬಂದೇ ಬರುತ್ತೆ. ಗುಂಡಿ, ಬಣ್ಣ ಬಳಿಯದ ಹಂಪು, ಜಲ್ಲಿ ಎದ್ದ ದಾರಿ, ಪೈಪಿಗೆ ಅಂತ ಅಗೆದು ಸರಿಯಾಗಿ ಮುಚ್ಚದೆ ಬಿಟ್ಟ ಕಾಲುವೆ. ನಾವೂ ಬೈದಿದ್ದೀವಿ, ಬರೆದಿದ್ದೀವಿ, ಮುಂದೆಯೂ ಬರೀತೀವಿ. ಆದರೆ ಇವತ್ತು ಬೈಯೋದು ರೋಡನ್ನಲ್ಲ. ಆ ರೋಡಿನ ಮೇಲೆ ಸತ್ತ ಶಾಕ್ ಅಬ್ಸಾರ್ಬರ್ ಇಟ್ಟುಕೊಂಡು, ಗಾಡಿ ತುಂಬ ಜನ ಕೂರಿಸಿಕೊಂಡು ಓಡಾಡೋ ಬೊಲೆರೊ, ಜೀಪು, ಕಮಾಂಡರ್ ಯಜಮಾನರನ್ನ. ಅವರಲ್ಲಿ ನಮ್ಮ ಅಣ್ಣಂದಿರಿದ್ದಾರೆ, ಮಾವಂದಿರಿದ್ದಾರೆ. ಬೇಜಾರಾದರೆ ಆಗಲಿ.

ಹೋದ ಮಳೆಗಾಲದಲ್ಲಿ ನಮ್ಮ ಗೆಳೆಯನೊಬ್ಬನ ಹಳೇ ಬೊಲೆರೊದಲ್ಲಿ ಸಿ.ಎಸ್. ಪುರದ ಕಡೆಯಿಂದ ಕುಣಿಗಲ್‌ಗೆ ಹೊರಟಿದ್ವಿ. ಮಧ್ಯದ ಸೀಟಲ್ಲಿ ಅವನ ಅಜ್ಜಿ. ವೇಗ ಜಾಸ್ತಿ ಏನೂ ಇರಲಿಲ್ಲ. ಒಂದು ತಿರುವಿನಲ್ಲಿ ರೋಡು ಅಲೆ ಅಲೆಯಾಗಿ ಎದ್ದಿತ್ತು. ಹಿಂದಿನ ಚಕ್ರ ಒಂದೇ ಸಮ ಕುಣಿಯೋಕೆ ಶುರುವಾಯ್ತು. ಗೆಳೆಯ ಬ್ರೇಕ್ ಒತ್ತಿದ, ಗಾಡಿ ನಿಲ್ಲಲಿಲ್ಲ, ಹಿಂಭಾಗ ಪಕ್ಕಕ್ಕೆ ಜರುಗಿ ತೆಂಗಿನ ತೋಟದ ಬದುವಿಗೆ ಹೋಗಿ ಕೂತಿತು. ನಮಗೆ ಗೀಚು ಗಾಯ. ಅಜ್ಜಿಗೆ ಸೊಂಟ ಹಿಡಿದು ಮೂರು ತಿಂಗಳು ಮಲಗಿದಲ್ಲೇ.

ಮಾರನೇ ದಿನ ಗಾಡಿಯನ್ನ ಶೆಡ್ಡಿಗೆ ಎಳೆದು ತಂದು ನೋಡಿದರೆ ಹಿಂದಿನ ಎರಡೂ ಶಾಕ್‌ನಿಂದ ಆಯಿಲ್ ಸೋರಿ, ಧೂಳು ಮೆತ್ತಿ, ಕಪ್ಪು ಹಪ್ಪಳೆ ಕಟ್ಟಿತ್ತು. ಕೆಳಗಿನ ಬೋಲ್ಟ್ ಬಿಚ್ಚಿ ಕೈಯಲ್ಲಿ ಎಳೆದರೆ ಖಾಲಿ ಸೈಕಲ್ ಪಂಪಿನ ಹಾಗೆ ಹೋಗಿ ಬರ್ತಿತ್ತು. ಗೆಳೆಯನಿಗೆ ವರ್ಷದ ಹಿಂದೆಯೇ ಗೊತ್ತಿತ್ತು. ಆಗ ಅವನಿಗೆ ಸಿಕ್ಕ ಸಲಹೆ: "ಶಾಕ್ ಯಾಕಣ್ಣ ದಂಡ, ಇನ್ನೊಂದು ಪ್ಲೇಟ್ ಸೇರಿಸ್ತೀನಿ, ಗಟ್ಟಿ ಆಗುತ್ತೆ." ಸೇರಿಸಿಕೊಂಡೂ ಬಂದಿದ್ದ.

ನಮ್ಮ ಜಗಳ ಇರೋದು ಈ 'ಇನ್ನೊಂದು ಪ್ಲೇಟ್' ಜೊತೆಗೇ. ಕಮಾನ್ ಪ್ಲೇಟಿನ ಕೆಲಸ ಬೇರೆ, ಶಾಕಿನ ಕೆಲಸ ಬೇರೆ. ಭಾರ ಹೊರೋದು ಪ್ಲೇಟು. ಗುಂಡಿಗೆ ಬಿದ್ದಾಗ ಬಗ್ಗೋದೂ ಅದೇ, ಬಗ್ಗಿದ ಮೇಲೆ ವಾಪಸ್ ಚಿಮ್ಮೋದೂ ಅದೇ. ಚಿಮ್ಮಿದ್ದನ್ನ ಹಿಡಿದು ನಿಲ್ಲಿಸೋದು ಶಾಕು. ಉಯ್ಯಾಲೆಯನ್ನ ಒಂದ್ಸಲ ತೂಗಿ ಬಿಟ್ಟರೆ ತನ್ನಷ್ಟಕ್ಕೆ ಎಷ್ಟು ಹೊತ್ತು ಆಡ್ತಾ ಇರುತ್ತೆ? ಹಗ್ಗ ಹಿಡಿದರೆ ತಾನೇ ನಿಲ್ಲೋದು? ಆ ಹಿಡಿಯೋ ಕೈ ಶಾಕ್. ಕೊಳವೆಯೊಳಗೆ ಆಯಿಲ್, ಆಯಿಲ್ ಒಳಗೆ ಸಣ್ಣ ಸಣ್ಣ ತೂತಿನ ಪಿಸ್ಟನ್. ಚಕ್ರ ಮೇಲೆ ಕೆಳಗೆ ಆಡಿದಾಗ ಆಯಿಲ್ ಆ ತೂತುಗಳಲ್ಲಿ ಕಷ್ಟಪಟ್ಟು ನುಗ್ಗುತ್ತೆ, ಕುಣಿತದ ಬಲವೆಲ್ಲ ಬಿಸಿಯಾಗಿ ಹೋಗುತ್ತೆ. ಅಷ್ಟೇ ಗುಟ್ಟು.

ಶಾಕ್ ಸತ್ತ ಗಾಡಿಗೆ ಇನ್ನೊಂದು ಪ್ಲೇಟ್ ಸೇರಿಸಿದರೆ ಹಿಡಿಯೋ ಕೈ ಇಲ್ಲದ ಉಯ್ಯಾಲೆಯನ್ನ ಇನ್ನೂ ಜೋರಾಗಿ ತೂಗಿದ ಹಾಗೆ. ತೆಂಗಿನಕಾಯಿ ಮೂಟೆ ತುಂಬಿದಾಗ ಗಟ್ಟಿ ಅನಿಸಬಹುದು. ಖಾಲಿ ಗಾಡಿ, ಇಲ್ಲ ನಾಲ್ಕು ಜನ ಮಾತ್ರ ಕೂತ ಗಾಡಿ, ಹಂಪು ಹತ್ತಿದರೆ ಚಕ್ರ ನೆಲ ಬಿಡುತ್ತೆ. ನೆಲ ಬಿಟ್ಟ ಚಕ್ರಕ್ಕೆ ನೀವು ಎಷ್ಟು ಒತ್ತಿದರೂ ಬ್ರೇಕ್ ಇಲ್ಲ. ಸ್ಟೇರಿಂಗ್ ಮಾತೂ ಕೇಳಲ್ಲ. ಇದು ಬರೀ ಸೊಂಟನೋವಿನ ವಿಷಯ ಅಂದುಕೊಂಡವರು ತಪ್ಪು ತಿಳಿದಿದ್ದಾರೆ.

"ನಮ್ಮ ಕಾಲದ ಜೀಪಿಗೆ ಇವೆಲ್ಲ ಎಲ್ಲಿತ್ತು" ಅಂತ ಹಿರಿಯರೊಬ್ಬರು ನಮಗೆ ಹೇಳಿದರು. ಇತ್ತು ತಾತ. ಎರಡನೇ ಮಹಾಯುದ್ಧಕ್ಕೆ ಹೋದ ವಿಲ್ಲಿಸ್ ಜೀಪಿಗೇ ನಾಲ್ಕು ಮೂಲೆಗೆ ನಾಲ್ಕು ಆಯಿಲ್ ಶಾಕ್ ಇತ್ತು. ಅದಕ್ಕೂ ಮೊದಲು, 1927ರ ಫೋರ್ಡ್ ಮಾಡೆಲ್ ಎ ಕಾರಿನಲ್ಲೇ ಇತ್ತು. ನಿಮ್ಮ ಜೀಪಿನ ಶಾಕ್ ಕಿತ್ತು ಮೂಲೆಗೆ ಎಸೆದವರು ಯಾರು ಅಂತ ಕೇಳಬೇಕಿತ್ತು, ಕಾಫಿ ಕೊಟ್ಟಿದ್ದರಿಂದ ಸುಮ್ಮನಾದ್ವಿ.

"ರೋಡ್ ಸರಿಯಾಗಲಿ, ಆಮೇಲೆ ಹಾಕಿಸ್ತೀನಿ" ಅನ್ನೋರು ಇನ್ನೊಂದು ಗುಂಪು. ಹಾಗಾದರೆ ಅದನ್ನ ಹಾಕಿಸೋದು ನಿಮ್ಮ ಮೊಮ್ಮಗನೇ. ನುಣ್ಣನೆ ಹೈವೇಯಲ್ಲಿ ಮಾತ್ರ ಓಡೋ ಗಾಡಿಯ ಶಾಕ್ ಬಹಳ ದಿನ ಬಾಳುತ್ತೆ. ಹಾಗಲವಾಡಿ, ಹುಲಿಯೂರುದುರ್ಗದ ಒಳದಾರಿಯಲ್ಲಿ ದಿನಾ ಓಡೋ ಗಾಡಿಯದ್ದು ಬೇಗ ಸವೆಯುತ್ತೆ. ರೋಡು ಕೆಟ್ಟಷ್ಟೂ ಶಾಕ್ ಬೇಗ ಬದಲಾಯಿಸಬೇಕು. ಲೆಕ್ಕ ಉಲ್ಟಾ ಮಾಡಬೇಡಿ.

ದುಡ್ಡಿನ ಮಾತಿಗೆ ಬರೋಣ. ದುಡ್ಡಿಲ್ಲ ಅನ್ನೋದನ್ನ ನಾವು ಒಪ್ತೀವಿ, ಕೊಬ್ಬರಿ ರೇಟು ಬಿದ್ದ ವರ್ಷ ಮನೆ ನಡೆಸೋದೇ ಕಷ್ಟ ಅನ್ನೋದು ನಮಗೂ ಗೊತ್ತು. ಆದರೆ ಅದೇ ಗಾಡಿಗೆ ಹೊಸ ಫಾಗ್ ಲೈಟು, ಮುಂದೆ ಕ್ರ್ಯಾಶ್ ಗಾರ್ಡು, ಹಿಂದೆ ಎದೆ ನಡುಗಿಸೋ ಊಫರು, ಗಾಜಿನ ತುಂಬ ಸ್ಟಿಕ್ಕರು! ಒಂದು ಜೊತೆ ಶಾಕ್ ಒಂದು ಜೊತೆ ಹೊಸ ಟೈರಿಗಿಂತ ಅಗ್ಗ. ಶಾಕ್ ಸತ್ತರೆ ಟೈರು ಅಲ್ಲಲ್ಲಿ ಹಳ್ಳ ಬಿದ್ದ ಹಾಗೆ ಸವೆಯುತ್ತೆ, ಪ್ಲೇಟ್ ಕಟ್ ಆಗುತ್ತೆ, ಬುಷ್ ಹರಿಯುತ್ತೆ. ಉಳಿಸಿದ್ದು ಎಲ್ಲಿ?

ಇನ್ನು ಕಾನೂನು. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಬಿಳಿ ಬೋರ್ಡಿನ ಗಾಡಿಯ ರಿಜಿಸ್ಟ್ರೇಷನ್ 15 ವರ್ಷಕ್ಕೆ ಕೊಟ್ಟರೆ ಮುಗೀತು, ಅಲ್ಲಿವರೆಗೆ ಅದರ ಕೆಳಗೆ ಇಣುಕಿ ನೋಡಲೇಬೇಕು ಅನ್ನೋ ಯಾವ ಕಟ್ಟಳೆಯೂ ಇಲ್ಲ. ನಮ್ಮ ಕಡೆ ಮದುವೆಗೆ, ತಿಥಿಗೆ, ಕೂಲಿಗೆ, ರಾತ್ರಿ ಹೆರಿಗೆ ನೋವು ಬಂದರೆ ತುಮಕೂರಿಗೆ ಬಾಡಿಗೆ ಓಡೋದು ಎಷ್ಟೋ ಸಲ ಇಂಥ ಬಿಳಿ ಬೋರ್ಡೇ. ಪರ್ಮಿಟ್ ಇಲ್ಲದೆ ಬಾಡಿಗೆ ಹೊಡೆಯೋದೇ ತಪ್ಪು, ಅಪಘಾತವಾದರೆ ಖಾಸಗಿ ಇನ್ಶೂರೆನ್ಸ್ ಕೈ ಎತ್ತೋ ಸಾಧ್ಯತೆಯೂ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಬೇರೆ ಗಾಡಿ ಸಿಗದ ಊರಲ್ಲಿ ಆ ಮಾತಾಡಿ ಏನು ಉಪಯೋಗ? ಅದಕ್ಕೇ ಯಜಮಾನರನ್ನ ಕೇಳ್ತಿರೋದು. ತುಂಬು ಬಸುರಿಯನ್ನ ಕೂರಿಸಿಕೊಳ್ಳೋ ಗಾಡಿಯ ಶಾಕ್ ಸರಿ ಇದೆಯಾ ಅಂತ ನಿಮ್ಮನ್ನ ಕೇಳೋರು ಬೇರೆ ಯಾರೂ ಇಲ್ಲ.

ನೋಡೋದು ಕಷ್ಟವಲ್ಲ. ಬೊಲೆರೊ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇರೋದರಿಂದ ಒಂದು ಮೂಲೆಯನ್ನ ಮೂರು ಸಲ ಜೋರಾಗಿ ಒತ್ತಿ ಬಿಡಿ. ಮೇಲೆ ಬಂದು ನಿಂತರೆ ಸರಿ, ತೂಗಾಡ್ತಾ ಇದ್ದರೆ ಹೋಗಿದೆ. ಪ್ಲೇಟ್ ಇರೋ ಕಡೆ ಈ ಪರೀಕ್ಷೆ ನಂಬಬೇಡಿ, ಪ್ಲೇಟುಗಳ ತಿಕ್ಕಾಟವೇ ಗಾಡಿಯನ್ನ ನಿಲ್ಲಿಸಿ ಮೋಸ ಮಾಡುತ್ತೆ. ಅಲ್ಲಿಗೆ ಬೇರೆ ಉಪಾಯ: ಕೆಟ್ಟ ರೋಡಲ್ಲಿ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಶಾಕ್ ಹುಷಾರಾಗಿ ಮುಟ್ಟಿ ನೋಡಿ. ಕೆಲಸ ಮಾಡಿದ್ದು ಬಿಸಿಯಾಗಿರುತ್ತೆ. ಒಂದು ಮಾತ್ರ ತಣ್ಣಗಿದ್ದರೆ ಅದು ಬರೀ ತೂಕಕ್ಕೆ ನೇತಾಡ್ತಿದೆ. ಇನ್ನೂ ಅನುಮಾನವಿದ್ದರೆ ಕೆಳಗಿನ ಬೋಲ್ಟ್ ಬಿಚ್ಚಿಸಿ ಎಳೆದು ಒತ್ತಿ ನೋಡಿ, ಕೈಗೆ ಉದ್ದಕ್ಕೂ ಬಿಗಿ ಸಿಗಬೇಕು.

ಹಾಕಿಸುವಾಗ ಒಂದೇ ಹಾಕಿಸಬೇಡಿ. ಎಡಕ್ಕೆ ಹೊಸದು ಬಲಕ್ಕೆ ಸತ್ತದ್ದು ಅಂದರೆ ತಿರುವಿನಲ್ಲಿ ಗಾಡಿ ಒಂದೊಂದು ಕಡೆ ಒಂದೊಂದು ಥರ ಆಡುತ್ತೆ. ಜೊತೆಯಾಗೇ ಹಾಕಿಸಿ, ಹೊಸ ಬುಷ್ ಸಮೇತ. ಹಳೇದಕ್ಕೆ ಆಯಿಲ್ ತುಂಬಿ ಬೆಸುಗೆ ಹಾಕಿ ಬಣ್ಣ ಬಳಿದ 'ರಿಪೇರಿ ಶಾಕ್' ಬೇಡವೇ ಬೇಡ. ಆಯಿಲ್ ಶಾಕ್ ಆದರೆ ಹಾಕೋ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಒಳಗಿನ ಗಾಳಿ ಹೊರಡಿಸಬೇಕು. ಬುಷ್‌ನ ಬೋಲ್ಟನ್ನ ಕೊನೇ ಬಿಗಿ ಮಾಡೋದು ಗಾಡಿ ನೆಲಕ್ಕಿಳಿದು ಚಕ್ರದ ಮೇಲೆ ನಿಂತಾಗ. ಜ್ಯಾಕಿನ ಮೇಲಿರುವಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತೆ. ನಾವು ನೋಡಿದ ಶೆಡ್ಡುಗಳಲ್ಲಿ ಇದನ್ನ ಸರಿಯಾಗಿ ಮಾಡಿದ್ದು ಒಂದೇ ಒಂದು ಕಡೆ, ಕೆಲಸ ಮಾಡಿದವನು ಹತ್ತೊಂಬತ್ತರ ಹುಡುಗ. ಹಾಂ, ಮನೇಲೇ ಮಾಡ್ತೀವಿ ಅನ್ನೋರು ಇಟ್ಟಿಗೆ, ಸೈಜುಗಲ್ಲಿನ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನುಗ್ಗಬೇಡಿ. ಮುಂದಿನ ಕಾಯಿಲ್ ಸ್ಪ್ರಿಂಗ್ ತಂಟೆಗಂತೂ ಹೋಗಲೇಬೇಡಿ, ಅದು ಚಿಮ್ಮಿದರೆ ಮೂಳೆ ಉಳಿಯಲ್ಲ.

ಇನ್ನೊಂದು. ಗಾಡಿ ಹಿಂದೆ ಕೂತುಬಿಟ್ಟಿದೆ ಅಂತ ಶಾಕ್ ಹಾಕಿಸಿದರೆ ಎತ್ತರ ಬರಲ್ಲ. ಅದು ಪ್ಲೇಟಿನ ಕಾಯಿಲೆ.

ಗೆಳೆಯ ಈಗ ಸೇರಿಸಿದ್ದ ಪ್ಲೇಟ್ ತೆಗೆಸಿದ್ದಾನೆ, ನಾಲ್ಕೂ ಹೊಸ ಶಾಕ್ ಹಾಕಿಸಿದ್ದಾನೆ. ಅದೇ ತಿರುವಿನಲ್ಲಿ ಮೊನ್ನೆ ಹೋಗಿ ಬಂದ್ವಿ, ರೋಡು ಹಾಗೇ ಇದೆ, ಗಾಡಿ ನೆಲ ಕಚ್ಚಿಕೊಂಡು ಹೋಯ್ತು. "ಬಾ ಅಜ್ಜಿ, ಈಗ ಏನೂ ಆಗಲ್ಲ" ಅಂತ ಅವನು ವಾರದಿಂದ ಕರೀತಿದ್ದಾನೆ. ಅಜ್ಜಿ ಬಸ್ಸಲ್ಲೇ ಓಡಾಡ್ತಿದ್ದಾರೆ.