ತಪ್ಪೊಪ್ಪಿಗೆಯಲ್ಲ, ಅಂಜಿಕೆ

ಪುಣೆಯ ಹಳೆಯ ಪೇಟೆಗಳ ಗೇಟುಗಳಲ್ಲಿ ತೂಗುವ 'ಪಾಟಿ' ಎಂಬ ಸೂಚನಾ ಫಲಕಗಳ ಕುಟುಕು ನಾಡಿಗೆಲ್ಲ ಪ್ರಸಿದ್ಧ. ಆ ಕುಟುಕು ತಾಗುವುದು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟುವ ಮನುಷ್ಯನಿಗೆ. ಮರಾಠಿ ಹಾಸ್ಯ ಲೇಖಕ ಪು. ಲ. ದೇಶಪಾಂಡೆಯವರ 'ಪಾಳೀವ್ ಪ್ರಾಣಿ' (ಸಾಕುಪ್ರಾಣಿ) ಬರಹ ಕೂಡ ನಗಿಸುವುದು ಪ್ರಾಣಿ ಸಾಕಿದವರ ಅತಿ ಅಭಿಮಾನವನ್ನು ತೋರಿಸಿಯೇ. ಪ್ರಾಣಿಯ ಬಾಯಲ್ಲಿ ಮನುಷ್ಯರ ಮಾತಿಡುವುದು ನಮಗೂ ಹೊಸದಲ್ಲ. ದುರ್ಗಸಿಂಹ 11ನೇ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ. ಅಲ್ಲಿನ ನರಿಯನ್ನು ಓದಿ ಯಾರೂ ಕಾಡಿನ ನರಿಗೆ ಶಿಕ್ಷೆ ಕೊಡಲಿಲ್ಲ. ಈಗ ಮೊಬೈಲುಗಳಲ್ಲಿ ಹರಿದಾಡುವ ಒಂದು ಬಗೆಯ ತಮಾಷೆ ಮಾತ್ರ ಹಾಗಲ್ಲ. ಹರಿದ ಚಪ್ಪಲಿಯ ಪಕ್ಕ ಕಿವಿ ಮಡಚಿ, ಬಾಲ ಮುದುರಿ ಕೂತ ನಾಯಿ; ಕೆಳಗೆ "ಅಪ್ಪಾ, ತಪ್ಪಾಯ್ತು" ಎಂಬ ಸಾಲು. ನಗು ಬರುತ್ತದೆ, ನಿಜ. ಆದರೆ ಆ ಸಾಲು ಸುಳ್ಳು.

ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಎದುರಿಗಿಟ್ಟ ತಿನಿಸನ್ನು ತಿನ್ನಬೇಡವೆಂದು ಹೇಳಿ ಒಡೆಯರು ಹೊರಗೆ ಹೋಗುತ್ತಿದ್ದರು. ಮರಳಿದಾಗ ನಾಯಿ ತಿಂದಿದೆಯೋ ಇಲ್ಲವೋ ಎಂದು ಅವರಿಗೆ ತಿಳಿಸಲಾಗುತ್ತಿತ್ತು, ಕೆಲವೊಮ್ಮೆ ಬೇಕೆಂದೇ ತಪ್ಪಾಗಿ. ಆ 'ತಪ್ಪಿತಸ್ಥ ಮುಖ' ಕಂಡದ್ದು ಬೈಸಿಕೊಂಡಾಗ. ತಿಂದದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಏನನ್ನೂ ತಿನ್ನದೆ ಬೈಸಿಕೊಂಡ ನಾಯಿಗಳೇ ಹೆಚ್ಚು ಮುದುರಿದ್ದವು. ಒಡೆಯನ ದನಿಗೆ ಅಂಜಿದ ಪ್ರಾಣಿಯನ್ನು ಪಶ್ಚಾತ್ತಾಪಿ ಎಂದು ಓದಿದವರು ಮುಂದಿನ ಸಲ ಇನ್ನಷ್ಟು ಗದರುತ್ತಾರೆ, "ಅದಕ್ಕೆ ಎಲ್ಲ ಗೊತ್ತಾಗುತ್ತೆ" ಎಂಬ ನಂಬಿಕೆಯಿಂದ. ಇಡೀ ದಿನ ಫ್ಲಾಟಿನಲ್ಲಿ ಒಂಟಿಯಾಗಿ ಬೇಸತ್ತು ಚಪ್ಪಲಿ ಕಚ್ಚಿದ ನಾಯಿಗೆ ಬೇಕಿದ್ದದ್ದು ಓಡಾಟ.

ಹಾಗಾದರೆ ಪ್ರಾಣಿಗಳಿಗೆ ಭಾವನೆಯೇ ಇಲ್ಲವೇ ಎಂದು ಸಾಕಿದವರು ಕೇಳುವುದು ನ್ಯಾಯವೇ. ಖಂಡಿತ ಇದೆ. ತೋಳಗಳಲ್ಲಿ ಇಲ್ಲವೆನ್ನುವಷ್ಟು ಕ್ಷೀಣವಾದ, ಹುಬ್ಬಿನ ಒಳಬದಿ ಎತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆಯೆಂದು 2019ರ ಅಧ್ಯಯನವೊಂದು ತೋರಿಸಿತು. ಮನುಷ್ಯರೊಡನೆ ಬಾಳುತ್ತ ಬಂದದ್ದೇ ಇದಕ್ಕೆ ಕಾರಣವಿರಬೇಕೆಂದು ಸಂಶೋಧಕರ ಊಹೆ. ಭಯ, ಸಂತೋಷ, ಒಡನಾಟದ ಹಂಬಲ ಇವೆಲ್ಲ ಅವಕ್ಕಿವೆ. ಅದಕ್ಕಾಗಿಯೇ ಇರುವ ಭಾವನೆಯನ್ನು ಅಳಿಸಿ ಇಲ್ಲದ್ದನ್ನು ಬರೆಯಬಾರದು. ಇಷ್ಟು ಲೆಕ್ಕ ಹಾಕಿದರೆ ನಗುವುದು ಹೇಗೆ ಎಂಬವರಿಗೆ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯಲ್ಲಿ ಉತ್ತರವಿದೆ. ಅಲ್ಲಿನ 'ಕಿವಿ' ಎಂಬ ಹೆಸರಿನ ನಾಯಿ ಮೊದಲಿನಿಂದ ಕೊನೆಯವರೆಗೂ ನಾಯಿಯೇ. ಅದರ ನಾಯಿತನವನ್ನು ಕಣ್ಣಿಟ್ಟು ನೋಡಿದ್ದರಿಂದಲೇ ಓದುಗರು ಇಂದಿಗೂ ನಗುತ್ತಾರೆ.