ಒಗರು ಅಂದರೆ ಸಾಲದೇ?

ವೈನ್ ಕುಡಿಯಿರಿ ಎಂದು ಹೇಳಲು ನಾನು ಹೊರಟಿಲ್ಲ. ನನ್ನ ತಕರಾರು ಮಾತಿನದು.

ಕಾಮರ್ಸ್ ಓದುವವನಿಗೆ ವೈನೂ ಒಂದು ಸರಕು. ಮಹಾರಾಷ್ಟ್ರ 2001ರಲ್ಲಿ, ಕರ್ನಾಟಕ 2007ರಲ್ಲಿ ಅದಕ್ಕೆಂದೇ ನೀತಿ ತಂದವು. ನಾಸಿಕದಲ್ಲೂ ನಮ್ಮ ವಿಜಯಪುರದ ಕಡೆಯೂ ವೈನಿಗಾಗಿಯೇ ದ್ರಾಕ್ಷಿ ಬೆಳೆಯುವ ರೈತರಿದ್ದಾರೆ. ಬೆಳೆ ನಮ್ಮದು, ರುಚಿ ಹೇಳುವ ಮಾತು ಮಾತ್ರ ಪರರದೇ?

ಇಲ್ಲಿ ನಾಗಪುರದಲ್ಲಿ ನಮ್ಮ ಭಾವ ಹೊಸದಾಗಿ ವೈನಿನ ಪಾಠ ಶುರುಮಾಡಿದ್ದಾರೆ. ಗ್ಲಾಸು ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಇಂಗ್ಲಿಷ್ ಪುಸ್ತಕ ನೋಡಿ "ಟ್ಯಾನಿನ್" ಅಂತಾರೆ. ಅಕ್ಕ ಕೇಳಿದಳು: "ನೇರಲಹಣ್ಣು ತಿಂದಂಗ ನಾಲಗಿ ಹಿಡೀತದೇನ್ರೀ?" "ಹೌದು." "ಹಂಗಾದ್ರ ಒಗರು ಅನ್ರಿ!"

ಅಕ್ಕನ ಮಾತೇ ಸರಿ. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ನೇ ಆ ಒಗರಿಗೆ ಕಾರಣ. ಕೆಂಪು ವೈನನ್ನು ಸಿಪ್ಪೆಸಮೇತ ಹುದುಗಿಸುವುದರಿಂದ ಅದರಲ್ಲಿ ಒಗರು ಹೆಚ್ಚು. ಬಿಳಿ ವೈನಿಗೆ ರಸವನ್ನು ಮೊದಲೇ ಬೇರ್ಪಡಿಸುವುದರಿಂದ ಕಡಿಮೆ. ಷಡ್ರಸಗಳಲ್ಲಿ ಒಗರನ್ನೂ ಎಣಿಸಿ ಬೆಳೆದ ನಮಗೆ ಇದು ಕಬ್ಬಿಣದ ಕಡಲೆಯೇ? "ಸಿಟ್ರಸ್" ವಾಸನೆ ಎಂದರೆ ಕಿತ್ತಳೆ ಸಿಪ್ಪೆ ಸುಲಿದ ವಾಸನೆ ಅನ್ನಲು ನಾಗಪುರದವರು ತಡವರಿಸಬೇಕೇ?

ಕನ್ನಡ ಮಾಧ್ಯಮದಿಂದ ಬಂದ ನಾವು ಕಾಲೇಜಿನಲ್ಲಿ ಬಾಯಿ ಮುಚ್ಚಿ ಕೂರುತ್ತೇವೆ. ಎಷ್ಟೋ ಸಲ ವಿಷಯ ಗೊತ್ತಿರುತ್ತದೆ, ಅದರ ಇಂಗ್ಲಿಷ್ ಹೆಸರು ಗೊತ್ತಿರುವುದಿಲ್ಲ, ಅಷ್ಟೇ. ಅಷ್ಟಕ್ಕೇ ದಡ್ಡರೆನಿಸಿಕೊಳ್ಳುತ್ತೇವೆ. ಹೊಸದನ್ನು ಕಲಿಯುವವನು ಮೊದಲು ತನ್ನ ನಾಲಗೆಯನ್ನು ನಂಬಬೇಕು. ಟ್ಯಾನಿನ್ ಎಂಬ ಹೆಸರನ್ನೂ ಕಲಿಯೋಣ, ಬೇಡ ಅಂದವರಾರು? ಆದರೆ ಮೊದಲು ಧೈರ್ಯವಾಗಿ ಒಗರು ಅನ್ನೋಣ.