ರನ್ನ, ಮುದ್ದಣ ಮತ್ತು ಇಂದಿನ ತರುಣ ಸಂಶೋಧಕ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯೊಂದರ ಮೇಲೆ ‘ಶ್ರೀ ಕವಿರತ್ನ’ ಎಂಬ ಕಿರುಬರೆಹವಿದೆ. ಅದು ರನ್ನನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಂದ ಒಂಬತ್ತು ಶತಮಾನಗಳಾಚೆ, ಉಡುಪಿಯ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ತನ್ನ ಕೃತಿಗಳನ್ನು ಪ್ರಾಚೀನ ಕವಿಯೊಬ್ಬನ ರಚನೆಗಳೆಂಬಂತೆ ಮೈಸೂರಿನ ಸಂಪಾದಕರಿಗೆ ಕಳುಹಿಸಿದ. ಒಬ್ಬ ತನ್ನ ಹೆಸರನ್ನು ಕಲ್ಲಿನಲ್ಲಿ ಉಳಿಸಿದ, ಇನ್ನೊಬ್ಬ ಬಚ್ಚಿಟ್ಟ. ಇಬ್ಬರೂ ಬಡತನದಿಂದಲೇ ಬಂದವರು, ಇಬ್ಬರ ಪ್ರತಿಭೆಯೂ ಪ್ರಶ್ನಾತೀತ. ಹಾಗಾದರೆ ಈ ಅಂತರ ಎಲ್ಲಿಂದ ಬಂತು? ಉದ್ಯೋಗ, ಹಣ, ಯಶಸ್ಸುಗಳ ಚಿಂತೆಯಲ್ಲಿ ತೊಳಲುತ್ತಿರುವ ಇಂದಿನ ಸಾಹಿತ್ಯ ವಿದ್ಯಾರ್ಥಿಗೆ ಈ ಪ್ರಶ್ನೆ ಕೇವಲ ಚರಿತ್ರೆಯದಲ್ಲ.

ರನ್ನ ಹುಟ್ಟಿದ್ದು 949ರಲ್ಲಿ, ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ. ವಿದ್ಯೆಯ ಹಂಬಲದಿಂದ ಊರು ಬಿಟ್ಟು ಗಂಗಮಂಡಲಕ್ಕೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಶ್ರಯವಾದ. ಮುಂದೆ ಚಾಲುಕ್ಯ ತೈಲಪನಿಂದ ‘ಕವಿಚಕ್ರವರ್ತಿ’ ಬಿರುದು ದೊರೆಯಿತು. ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ‘ಅಜಿತಪುರಾಣ’ ಸಿದ್ಧವಾಯಿತು. ರನ್ನ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ಕನ್ನಡದ ಅತ್ಯಂತ ಆತ್ಮಾಭಿಮಾನಿ ಕವಿಗಳಲ್ಲೊಬ್ಬನಾದ ಅವನು ತನ್ನ ಏಳಿಗೆ ತನ್ನೊಬ್ಬನದೇ ಎಂದು ಭಾವಿಸಿರಲಿಲ್ಲ ಎಂಬುದಕ್ಕೆ ಈ ಎರಡು ಹೆಸರುಗಳೇ ಸಾಕ್ಷಿ.

ಮುದ್ದಣನಿಗೆ ಈ ಭಾಗ್ಯವಿರಲಿಲ್ಲ. 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯರೋಗಕ್ಕೆ ತುತ್ತಾದಾಗ ಅವನಿಗೆ ಮೂವತ್ತೊಂದು ವರ್ಷ. ಹಗಲು ಮಕ್ಕಳಿಗೆ ಕವಾಯತು, ಉಳಿದ ಹೊತ್ತಿನಲ್ಲಿ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳ ರಚನೆ. ಸಮಕಾಲೀನನೊಬ್ಬ ಹಳೆಯ ಶೈಲಿಯಲ್ಲಿ ಬರೆದರೆ ಯಾರು ಮನ್ನಿಸಿಯಾರು ಎಂಬ ಅಳುಕೇ ಹೆಸರು ಮರೆಸಲು ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ಸಂದರ್ಭದಲ್ಲಿ ‘ರಾಮಾಶ್ವಮೇಧ’ದ ಚೌಕಟ್ಟಿನ ಕಥೆಯನ್ನು ಮತ್ತೊಮ್ಮೆ ಗಮನಿಸಬೇಕು. ಅಲ್ಲಿ ಮುದ್ದಣ ಅರಮನೆಯಿಂದ ಮನೆಗೆ ಮರಳುವ ಕವಿ, ಮನೋರಮೆ ಅವನನ್ನು ಎದುರುಗೊಳ್ಳುವ ಮಡದಿ. ಆ ಸಲ್ಲಾಪದ ಸೊಗಸನ್ನು ಎಲ್ಲರೂ ಮೆಚ್ಚಿದ್ದಾರೆ. ಆದರೆ ಅದನ್ನು ಬರೆದವನಿಗೆ ಅರಮನೆಯೂ ಇರಲಿಲ್ಲ, ಅರಸನೂ ಇರಲಿಲ್ಲ. ವಾಸ್ತವದಲ್ಲಿ ದೊರೆಯದ ಆಶ್ರಯವನ್ನು ಅವನು ಕಾವ್ಯದಲ್ಲಿ ಕಟ್ಟಿಕೊಂಡ. ನಗೆಯ ಆ ಪುಟಗಳ ಹಿಂದೆ ಇಂಥದೊಂದು ಕೊರತೆಯಿದೆ ಎಂದು ಓದುವುದು ಅಸಂಗತವಾಗಲಾರದು.

ಹಾಗೆಂದು ರಾಜಾಶ್ರಯವನ್ನು ಆದರ್ಶೀಕರಿಸಬೇಕಾಗಿಲ್ಲ. ಆಶ್ರಯಕ್ಕೆ ಬೆಲೆ ತೆರಬೇಕಿತ್ತು. ಪಂಪ ಅರಿಕೇಸರಿಯನ್ನು ಅರ್ಜುನನೊಡನೆಯೂ ರನ್ನ ಸತ್ಯಾಶ್ರಯನನ್ನು ಭೀಮನೊಡನೆಯೂ ಸಮೀಕರಿಸಿದ್ದು ಕಾವ್ಯದ ಒಳಗಣ ಒತ್ತಡದಿಂದ ಮಾತ್ರವಲ್ಲ. ಈ ಬೆಲೆಯನ್ನು ಆ ಕವಿಗಳು ಹೇಗೆ ನಿರ್ವಹಿಸಿದರೆಂಬುದೇ ಇಲ್ಲಿ ಮುಖ್ಯ. ಪಂಪ ಆದಿಪುರಾಣದ ಜೊತೆಗೆ ವಿಕ್ರಮಾರ್ಜುನ ವಿಜಯವನ್ನು ಬರೆದು, ಒಂದು ಜಿನಾಗಮಕ್ಕೆ, ಇನ್ನೊಂದು ಲೌಕಿಕಕ್ಕೆ ಎಂದು ಸ್ಪಷ್ಟವಾಗಿ ವಿಂಗಡಿಸಿದ. ಪೊನ್ನ, ರನ್ನರೂ ಇದೇ ಹಾದಿಯಲ್ಲಿ ನಡೆದರು. ಒಡೆಯನಿಗೆ ಸಲ್ಲುವುದು ಯಾವುದು, ತನ್ನ ಶ್ರದ್ಧೆಗೆ ಸಲ್ಲುವುದು ಯಾವುದು ಎಂಬ ವಿವೇಕ ಈ ವಿಭಜನೆಯಲ್ಲಿದೆ. ಇಷ್ಟಾದರೂ ಲೌಕಿಕವೆಂದು ಅವರು ಅದನ್ನು ಉದಾಸೀನದಿಂದ ಬರೆಯಲಿಲ್ಲ. ಕರ್ಣನೂ ದುರ್ಯೋಧನನೂ ಮೈದಳೆದದ್ದು ಅನ್ನದ ಋಣಕ್ಕಾಗಿ ಬರೆದ ಕಾವ್ಯಗಳಲ್ಲಿಯೇ.

ಇಂದಿನ ತರುಣ ಸಂಶೋಧಕನ ಸ್ಥಿತಿ ರನ್ನನಿಗಿಂತ ಮುದ್ದಣನಿಗೆ ಹತ್ತಿರವಾದುದು. ಯುಜಿಸಿಯ ಕಿರಿಯ ಸಂಶೋಧನ ಶಿಷ್ಯವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಆದರೆ ಅದು ಆಯ್ಕೆಯಾದ ಕೆಲವರಿಗೆ ಮಾತ್ರ. ಸಾಮಾನ್ಯ ವರ್ಗದವರಿಗೆ ಅದರ ವಯೋಮಿತಿ 30 ವರ್ಷ. ಉಳಿದವರ ಪಾಲಿಗೆ ಅತಿಥಿ ಉಪನ್ಯಾಸಕತ್ವ, ಪ್ರತಿವರ್ಷವೂ ನವೀಕರಣದ ನಿರೀಕ್ಷೆ. ಇತ್ತ ಜೊತೆಯಲ್ಲಿ ಓದಿದವರು ಬೆಂಗಳೂರಿನಲ್ಲಿ ಮನೆ ಕೊಂಡ ಸುದ್ದಿ, ಅತ್ತ ‘ಇನ್ನೂ ಓದುತ್ತಿದ್ದೀಯಾ’ ಎಂಬ ಬಂಧುಗಳ ಪ್ರಶ್ನೆ. ಹಳಗನ್ನಡ ಓದಬಲ್ಲವರು, ಶಾಸನ ಬಿಡಿಸಬಲ್ಲವರು ಈ ಕಾರಣಕ್ಕೆ ವಿಷಯವನ್ನೇ ಬಿಟ್ಟು ಹೋಗುತ್ತಿರುವುದು ಕನ್ನಡ ವಿದ್ವತ್ತಿಗೆ ಆಗುತ್ತಿರುವ ನಷ್ಟ.

ಇಂಥ ತರುಣರಿಗೆ ಹೇಳಬಹುದಾದದ್ದು ಮೂರು ಮಾತು. ಮೊದಲನೆಯದು, ಕಾಲವನ್ನು ಕುರಿತದ್ದು. ಆದಿಪುರಾಣ ಮುಗಿದಾಗ ಪಂಪನಿಗೆ 39 ವರ್ಷ, ಅಜಿತಪುರಾಣ ಮುಗಿದಾಗ ರನ್ನನಿಗೆ 44. ಶಿಷ್ಯವೇತನದ ವಯೋಮಿತಿ ಆಡಳಿತದ ಅನುಕೂಲಕ್ಕೆ ಹಾಕಿದ ಗೆರೆ. ಪ್ರತಿಭೆ ಮಾಗುವ ಕಾಲಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನೆಯದು, ವೃತ್ತಿಯನ್ನು ಕುರಿತದ್ದು. ಬ್ಯಾಂಕಿನ ಕೆಲಸವೋ ಶಾಲೆಯ ಕೆಲಸವೋ ಅನ್ನ ಕೊಡುವುದಾದರೆ ಅದನ್ನು ಸೋಲೆಂದು ಎಣಿಸಬೇಕಾಗಿಲ್ಲ. ಲೌಕಿಕಕ್ಕೆ ಸಲ್ಲಿಸಬೇಕಾದದ್ದನ್ನು ಪ್ರಾಮಾಣಿಕವಾಗಿ ಸಲ್ಲಿಸಿ, ತನ್ನದೆಂಬ ಒಂದು ಕೆಲಸವನ್ನು, ಅದು ವಾರಕ್ಕೆ ಒಂದು ಪುಟವಾದರೂ ಸರಿ, ಕೈಬಿಡದೆ ನಡೆಸಬಹುದು. ಮೂರನೆಯದು, ಹೆಸರನ್ನೂ ಸಂಕಟವನ್ನೂ ಬಚ್ಚಿಡಬಾರದು. ನಿದ್ರೆಗೆಟ್ಟು, ಊಟ ಸೇರದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದಾಗ ಗೆಳೆಯನಲ್ಲೋ ವೈದ್ಯರಲ್ಲೋ ಹೇಳಿಕೊಳ್ಳುವುದು ದೌರ್ಬಲ್ಯವಲ್ಲ.

ಆದರೆ ತರುಣರಿಗೆ ಮಾತ್ರ ಬುದ್ಧಿ ಹೇಳಿ ಮುಗಿಸುವುದು ಅನ್ಯಾಯ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಅತ್ತಿಮಬ್ಬೆ. ಕವಿಯನ್ನು ಹೊಗಳುವುದಕ್ಕಿಂತ ಅವನ ಕೃತಿಯನ್ನು ಉಳಿಸುವುದು ದೊಡ್ಡದೆಂದು ಅವಳು ಬಲ್ಲಳು. ಇಂದು ಆ ಸ್ಥಾನದಲ್ಲಿರುವವರು ವಿಭಾಗದ ಮುಖ್ಯಸ್ಥರು, ಮಾರ್ಗದರ್ಶಕರು, ಸಂಪಾದಕರು. ಪ್ರಬಂಧದ ಕರಡನ್ನು ತಿಂಗಳುಗಟ್ಟಲೆ ಮೇಜಿನ ಮೇಲೆ ಇರಿಸಿಕೊಳ್ಳದೆ ಓದಿ ಹಿಂದಿರುಗಿಸುವುದು, ಶಿಷ್ಯನ ಶ್ರಮಕ್ಕೆ ಶಿಷ್ಯನ ಹೆಸರನ್ನೇ ಹಾಕುವುದು, ದುಡಿಸಿಕೊಂಡ ಕೆಲಸಕ್ಕೆ ಸಕಾಲದಲ್ಲಿ ಸಂಭಾವನೆ ಕೊಡುವುದು, ಗ್ರಂಥಭಂಡಾರದ ಬಾಗಿಲು ತೆರೆಸಲು ಒಂದು ಪತ್ರ ಬರೆದುಕೊಡುವುದು ಅವರ ಕೈಯಲ್ಲಿರುವ ದಾನಗಳು. ಇವುಗಳಿಗೆ ಸಾಮ್ರಾಜ್ಯದ ಬೊಕ್ಕಸ ಬೇಕಿಲ್ಲ.

ಮುದ್ದಣನ ಕೃತಿಗಳ ಕರ್ತೃ ಯಾರೆಂಬ ಪ್ರಶ್ನೆ ಅವನು ತೀರಿಕೊಂಡ ಮೇಲೂ ಬಹುಕಾಲ ಚರ್ಚೆಯಲ್ಲಿತ್ತು. ಕನ್ನಡ ಸಾಹಿತ್ಯ ಅವನನ್ನು ಮೆಚ್ಚಿಕೊಂಡದ್ದು ಆ ಮೆಚ್ಚುಗೆ ಅವನಿಗೆ ತಲುಪಲಾರದ ಕಾಲದಲ್ಲಿ. ಇನ್ನೊಬ್ಬ ತರುಣನ ವಿಷಯದಲ್ಲಿ ಅಷ್ಟು ತಡವಾಗದಂತೆ ನೋಡಿಕೊಳ್ಳುವುದು ಮುದ್ದಣನನ್ನು ಪಾಠ ಹೇಳುವ ಪ್ರತಿಯೊಬ್ಬರ ಹೊಣೆ.